ರಾಚೆಸ್ಟರ್‌ನಲ್ಲಿ ಒಂದು ಚಳಿಗಾಲ

ಆಟೊ ಗ್ರಹಾಂ ಹೆಸರೆತ್ತಿದರೆ ಅಮೆರಿಕನ್ ಫುಟ್‌ಬಾಲ್ ಬಲ್ಲವರು ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಮಾತು ತೆಗೆಯುತ್ತಾರೆ. ಅಲ್ಲಿ ಹತ್ತು ವರ್ಷ ಆಡಿ, ಹತ್ತೂ ವರ್ಷ ಫೈನಲ್ ಕಂಡು, ಏಳು ಸಲ ಪ್ರಶಸ್ತಿ ಗೆದ್ದ ಕ್ವಾರ್ಟರ್‌ಬ್ಯಾಕ್ ಆತ. ಅದಕ್ಕೂ ಮೊದಲಿನ ಬ್ಯಾಸ್ಕೆಟ್‌ಬಾಲ್ ಚಳಿಗಾಲವನ್ನು ಮಾತ್ರ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಅನ್ಯಾಯ. ಗ್ರಹಾಂ ಆಟದ ಬೇರು ಇರುವುದೇ ಅಲ್ಲಿ.

ಇಲ್ಲಿಯ ಫುಟ್‌ಬಾಲ್ ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ಮೇಲೆರಗಿ ಬರುವ ಎದುರಾಳಿಗಳಿಂದ ತಪ್ಪಿಸಿಕೊಳ್ಳುತ್ತಲೇ ಯಾರಿಗೆ ಎಸೆಯಬೇಕೆಂದು ನಿರ್ಧರಿಸಬೇಕಾದವನು ಕ್ವಾರ್ಟರ್‌ಬ್ಯಾಕ್.

ಇಲಿನಾಯ್‌ನ ವಾಕೀಗನ್‌ನಲ್ಲಿ 1921ರಲ್ಲಿ ಹುಟ್ಟಿದ ಗ್ರಹಾಂನ ಅಪ್ಪ, ಅಮ್ಮ ಇಬ್ಬರೂ ಸಂಗೀತದ ಮೇಷ್ಟ್ರು. ಮಗನೂ ಪಿಟೀಲು, ಫ್ರೆಂಚ್ ಹಾರ್ನ್ ಕಲಿತ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯ ಅವನಿಗೆ ವಿದ್ಯಾರ್ಥಿವೇತನ ಕೊಟ್ಟದ್ದು ಬ್ಯಾಸ್ಕೆಟ್‌ಬಾಲ್‌ಗಾಗಿ. ವಿದ್ಯಾರ್ಥಿಗಳು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಪಂದ್ಯದಲ್ಲಿ ಈ ಹುಡುಗ ಚೆಂಡೆಸೆಯುವ ರೀತಿ ನೋಡಿದ ಫುಟ್‌ಬಾಲ್ ಕೋಚ್ ಪ್ಯಾಪಿ ವಾಲ್ಡಾರ್ಫ್ ತನ್ನ ತಂಡಕ್ಕೂ ಕರೆದ. 1941ರಲ್ಲಿ ನಾರ್ತ್‌ವೆಸ್ಟರ್ನ್ ಒಹಾಯೊ ಸ್ಟೇಟ್ ತಂಡವನ್ನು ಸೋಲಿಸಿತು. ಸೋತ ತಂಡದ ಕೋಚ್ ಪಾಲ್ ಬ್ರೌನ್ ಆ ಎಸೆತಗಾರನನ್ನು ಮರೆಯಲಿಲ್ಲ. ಮುಂದೆ ಕ್ಲೀವ್‌ಲ್ಯಾಂಡ್‌ನಲ್ಲಿ ಹೊಸ ತಂಡ ಕಟ್ಟುವಾಗ, ನೌಕಾಪಡೆಯಲ್ಲಿದ್ದ ಗ್ರಹಾಂನನ್ನು ಹುಡುಕಿ ಸಹಿ ಹಾಕಿಸಿಕೊಂಡ.

ಎರಡನೇ ಮಹಾಯುದ್ಧ ಮುಗಿದಿತ್ತು, ಬ್ರೌನ್ಸ್ ಇನ್ನೂ ಕಣಕ್ಕಿಳಿದಿರಲಿಲ್ಲ. ನಡುವೆ ಸಿಕ್ಕ 1945–46ರ ಚಳಿಗಾಲದಲ್ಲಿ ಗ್ರಹಾಂ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಲೀಗಿನ ರಾಚೆಸ್ಟರ್ ರಾಯಲ್ಸ್ ಸೇರಿದ. ಎಂಥ ತಂಡ ಅದು! ಬಾಬ್ ಡೇವಿಸ್, ಆಲ್ ಸರ್ವಿ, ಮುಂದೆ ನ್ಯೂಯಾರ್ಕ್ ನಿಕ್ಸ್ ಕೋಚ್ ಆಗಿ ಹೆಸರಾದ ರೆಡ್ ಹೋಲ್ಜ್‌ಮನ್, ಆಮೇಲೆ ತೆರೆಯ ಮೇಲೆ ಮಿಂಚಿದ ಚಕ್ ಕಾನರ್ಸ್. ಇಂಥವರ ನಡುವೆ ಗ್ರಹಾಂ ಪಂದ್ಯಕ್ಕೆ ಸರಾಸರಿ ಗಳಿಸಿದ್ದು ಐದರ ಆಸುಪಾಸಿನ ಅಂಕ. ರಾಯಲ್ಸ್ ಆ ವರ್ಷದ ಚಾಂಪಿಯನ್. ಅದನ್ನೂ ಸೇರಿಸಿದರೆ ಅವನದು ಹನ್ನೊಂದು ವೃತ್ತಿಪರ ಋತು, ಹನ್ನೊಂದು ಫೈನಲ್, ಎಂಟು ಪ್ರಶಸ್ತಿ.

ಅಂಕ ಕಡಿಮೆ, ನಿಜ. ಆದರೆ ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲಿ ತಲೆಯೆತ್ತಿ ಡ್ರಿಬಲ್ ಮಾಡುವವನ ಪಾದ ಒಂದು ಕಡೆ, ಕಣ್ಣು ಇನ್ನೊಂದು ಕಡೆ ಕೆಲಸ ಮಾಡುತ್ತಿರುತ್ತವೆ. ಚೆಂಡು ಹೋಗುವುದು ಜೊತೆಗಾರ ಇದ್ದಲ್ಲಿಗಲ್ಲ, ಅವನು ತಲುಪಲಿರುವ ಜಾಗಕ್ಕೆ. ಬ್ರೌನ್ಸ್‌ನ ಡಾಂಟೆ ಲವೆಲಿ, ಮ್ಯಾಕ್ ಸ್ಪೀಡಿಗೆ ಗ್ರಹಾಂ ಎಸೆದ ಹಗುರ, ನಿಖರ ಪಾಸ್‌ಗಳಲ್ಲಿ ಇದೇ ಅಭ್ಯಾಸವಿತ್ತು ಎಂಬುದು ಈ ಅಂಕಣಕಾರನ ಗಟ್ಟಿ ನಂಬಿಕೆ.

1950ರ ಡಿಸೆಂಬರ್ 24ರ ನ್ಯಾಷನಲ್ ಫುಟ್‌ಬಾಲ್ ಲೀಗ್ (ಎನ್‌ಎಫ್‌ಎಲ್) ಫೈನಲ್ ನೋಡಿ. ಬೇರೊಂದು ಲೀಗಿನಲ್ಲಿ ಸತತ ನಾಲ್ಕು ಸಲ ಗೆದ್ದು ಬಂದಿದ್ದ ಬ್ರೌನ್ಸ್‌ಗೆ ಇಲ್ಲಿ ಅದು ಮೊದಲ ವರ್ಷ. ಎದುರಿಗೆ ಲಾಸ್ ಏಂಜಲೀಸ್ ರ‍್ಯಾಮ್ಸ್. ಗ್ರಹಾಂ ನಾಲ್ಕು ಟಚ್‌ಡೌನ್ ಪಾಸ್, ಅಂದರೆ ಚೆಂಡನ್ನು ಎದುರಾಳಿಯ ಗೋಲುಗೆರೆ ದಾಟಿಸುವ ಪಾಸ್, ಎಸೆದ. ತಾನೇ ಓಡಿ 99 ಗಜ ಗಳಿಸಿದ. ಆದರೂ ತಂಡ ಒಂದು ಅಂಕ ಹಿಂದಿತ್ತು. ಕೊನೆಗಳಿಗೆಯಲ್ಲಿ ಅವನ ಕೈಯಿಂದಲೇ ಚೆಂಡು ಜಾರಿ ರ‍್ಯಾಮ್ಸ್ ಪಾಲಾಯಿತು. ಎರಡು ನಿಮಿಷವೂ ಉಳಿದಿಲ್ಲದಾಗ ಚೆಂಡು ಮರಳಿ ಸಿಕ್ಕಿತು. ಸ್ವಲ್ಪ ಓಡುತ್ತ, ಸ್ವಲ್ಪ ಎಸೆಯುತ್ತ ಗೋಲಿನ ಹತ್ತಿರಕ್ಕೆ ತಂದಿಟ್ಟ. 28 ಸೆಕೆಂಡ್ ಇರುವಾಗ ಬ್ರೌನ್ಸ್‌ನ ಲೂ ಗ್ರೋಜಾ ಒದ್ದ ಚೆಂಡು ಕಂಬಗಳ ನಡುವೆ ಹಾಯಿತು, ಮೂರು ಅಂಕ: 30–28.

ತಂತ್ರಗಳನ್ನು ಗ್ರಹಾಂ ತಾನೇ ಆರಿಸುವಂತಿರಲಿಲ್ಲ. ಆಟಗಾರರನ್ನು ಸರದಿಯಂತೆ ಒಳಗೆ ಕಳಿಸಿ ಪಾಲ್ ಬ್ರೌನ್ ತನ್ನ ಆಜ್ಞೆ ಮುಟ್ಟಿಸುತ್ತಿದ್ದ. ಗ್ರಹಾಂಗೆ ಅದು ರುಚಿಸುತ್ತಿರಲಿಲ್ಲ. ಆದರೂ ಆಜ್ಞೆ ಕೆಟ್ಟುಹೋದ ಕ್ಷಣದಲ್ಲಿ ಉಳಿಯುತ್ತಿದ್ದುದು ಅವನ ಕಾಲು, ಕಣ್ಣು, ಕೈಯೇ.

1954ರ ಫೈನಲ್‌ನಲ್ಲಿ ಡೆಟ್ರಾಯಿಟ್ ವಿರುದ್ಧ ಮೂರು ಟಚ್‌ಡೌನ್ ಎಸೆದು, ಮೂರನ್ನು ಓಡಿ ಗಳಿಸಿ, 56–10ರ ಗೆಲುವಿನೊಂದಿಗೆ ವಿದಾಯ ಹೇಳಿದ. ಪಾಲ್ ಬ್ರೌನ್ ಬಿಡಲಿಲ್ಲ, ಮತ್ತೆ ಕರೆತಂದ. 1955ರಲ್ಲೂ ಪ್ರಶಸ್ತಿ ಗೆದ್ದೇ ಗ್ರಹಾಂ ನಿಜಕ್ಕೂ ನಿಲ್ಲಿಸಿದ್ದು. ಅವನಿಲ್ಲದ 1956ರಲ್ಲಿ ಬ್ರೌನ್ಸ್ ಐದು ಗೆದ್ದು ಏಳು ಸೋತಿತು. ಗೆಲುವಿಗಿಂತ ಸೋಲು ಹೆಚ್ಚಾದದ್ದು ತಂಡದ ಇತಿಹಾಸದಲ್ಲೇ ಅದು ಮೊದಲ ಸಲ.