ಗ್ರಾಫು ತಣ್ಣಗೆ, ಗಿರಾಕಿ ಗರಂ

ಹೊಳಲ್ಕೆರೆಯ ಓದುಗರೊಬ್ಬರ ಪ್ರಶ್ನೆ ರುಚಿಯಾಗಿದೆ. ಅಡಿಕೆ ವ್ಯಾಪಾರದ ಲೆಕ್ಕ ಇಡುವ ಅವರ ಕ್ಲೌಡ್ ಸರ್ವರ್ ಮಧ್ಯಾಹ್ನವಾದರೆ ತೆವಳುತ್ತದಂತೆ. ಸಿಪಿಯು ಗ್ರಾಫ್ ಮಾತ್ರ ಶೇ 10ರಲ್ಲಿ ಗೆರೆ ಎಳೆದಂತೆ ನಿಂತಿರುತ್ತದೆ. ‘ಪಕ್ಕದ ಯಂತ್ರಗಳ ಕಾಟ’ ಎಂದು ಯಾರೋ ತಿಳಿದವರು ಹೇಳಿದರಂತೆ.

ಈ ನೆರೆಹೊರೆಯವರನ್ನು ದೂರುವ ಪಂಥದ ಜೊತೆ ನನ್ನ ಜಗಳ ಹಳೆಯದು. ನೆರೆಯವರ ಕಾಟವಿದ್ದರೆ ಗ್ರಾಫ್ ಏರಬೇಕು, ಇಳಿಯಬೇಕು. ಅಲುಗದೆ ನಿಂತಿದೆಯೆಂದರೆ ಮೇಲಿನಿಂದ ಮಿತಿ ಹಾಕಿದ್ದಾರೆ ಎಂದೇ ಅರ್ಥ.

ಇಂಥ ಮಿತಿ ಹೇಗಿರುತ್ತದೆ ಎಂಬುದಕ್ಕೆ ಅಮೆಜಾನ್ 2014ರಲ್ಲಿ ತಂದ ಬಾಡಿಗೆ ಯಂತ್ರ ಟಿ2 ಮೈಕ್ರೋ ನೋಡಿ. ಗಂಟೆಗೆ 6 ಕ್ರೆಡಿಟ್ ಸಿಗುತ್ತದೆ. ಒಂದು ಕ್ರೆಡಿಟ್ಟಿಗೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ದುಡಿಯುತ್ತದೆ. ಅರವತ್ತರಲ್ಲಿ ಆರು, ಶೇ 10. ಉಳಿದದ್ದು ಜಮೆಯಾಗುತ್ತದೆ, ಆದರೆ 144ರವರೆಗೆ ಮಾತ್ರ. ಹಿರಿಯೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅಲ್ಲಿನ ಮಾರಿಕಣಿವೆ ಜಲಾಶಯದಲ್ಲಿ 130 ಅಡಿ ದಾಟಿದ ನೀರು ಕೋಡಿಗೆ. ಅಲ್ಲಿ 1933ರ ಬಳಿಕ ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ಕ್ರೆಡಿಟ್ಟಿನ ಜಮೆ ಮಾತ್ರ ಯಂತ್ರ ಒಂದು ದಿನ ಸುಮ್ಮನಿದ್ದರೆ ತುಂಬುತ್ತದೆ. ಖಾಲಿಯಾಗುವುದು ಇನ್ನೂ ಬೇಗ. ಪೂರ್ತಿ ದುಡಿಸಿದರೆ ಗಂಟೆಗೆ 60 ಖರ್ಚು, 6 ಆದಾಯ. ಬೆಳಿಗ್ಗೆ 10ಕ್ಕೆ 144 ಇದ್ದರೂ 12.40ಕ್ಕೆ ಸೊನ್ನೆ. ಆಮೇಲೆ ಮೆಲ್ಲಗೆ ಶೇ 10ಕ್ಕೆ ಇಳಿಸುತ್ತಾರೆ.

ಕೋರ್ ಸಿಗದೆ ಕಾಯುತ್ತಿದೆಯೇ ಎಂದು ತಿಳಿಯಲು ಲಿನಕ್ಸಿನಲ್ಲಿ ‘ಟಾಪ್’ ಆದೇಶ ಕೊಟ್ಟು ಸಿಪಿಯು ಸಾಲಿನ ಕೊನೆಯ ಅಂಕಿ ‘ಎಸ್‌ಟಿ’ ನೋಡಿ. ಯಂತ್ರ ಕೆಲಸಕ್ಕೆ ಸಿದ್ಧವಿದ್ದೂ ಕೋರ್ ಸಿಗದೆ ಕಾದ ಹೊತ್ತು ಅದು. ಯಾಕೆ ಸಿಗಲಿಲ್ಲ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಇಲ್ಲಿ ನನಗೆ ನೆನಪಾಗುವುದು ಒಂದು ಸರ್ವರನ್ನು ಹಲವು ವರ್ಚುವಲ್ ಯಂತ್ರಗಳಿಗೆ ಹಂಚುವ ತಂತ್ರಾಂಶ ಝೆನ್. ಒಂದೇ ಸರ್ವರಿನಲ್ಲಿ 100 ವರ್ಚುವಲ್ ಯಂತ್ರ ಓಡಿಸುವ ಗುರಿ ಇಟ್ಟುಕೊಂಡಿದ್ದ ಕೇಂಬ್ರಿಜ್‌ನವರ 2003ರ ಆ ಪ್ರಬಂಧವನ್ನು ಈಗಲೂ ಓದಬಹುದು. ಯಾವ ಯಂತ್ರಕ್ಕೆ ಎಷ್ಟು ಹೊತ್ತು ಕೋರ್ ಎಂದು ಹಂಚುವ, ಆಮೇಲೆ ಬಂದ ಝೆನ್‌ನ ಕ್ರೆಡಿಟ್ ಶೆಡ್ಯೂಲರ್ ಎರಡು ವಿಷಯಗಳನ್ನು ಬೇರೆ ಬೇರೆ ಇಟ್ಟಿತು. ತೂಕ: ಬದಲಿಸದಿದ್ದರೆ ಎಲ್ಲರಿಗೆ ತಲಾ 256, ಪೈಪೋಟಿ ಇದ್ದಾಗ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮಿತಿ: ಕೋರ್ ಖಾಲಿ ಬಿದ್ದಿದ್ದರೂ ದಾಟುವಂತಿಲ್ಲ. ನೆರೆಯವರಿಂದ ನಷ್ಟವಾಗುವುದು ತೂಕದ ಲೆಕ್ಕದಲ್ಲಿ. ಹೊಳಲ್ಕೆರೆಯವರದು ಮಿತಿಯ ಕಥೆ, ನೆರೆಮನೆ ಪೂರಾ ಖಾಲಿಯಿದ್ದರೂ ಬದಲಾಗದು.

ದೊಡ್ಡ ಯಂತ್ರಕ್ಕೆ ದುಡ್ಡು ಕಟ್ಟುವ ಮುಂಚೆ ಅವರು ಕ್ರೆಡಿಟ್ ಬಾಕಿ ನೋಡಲಿ, ಬೆಳಗಿನ ಸ್ಟಾಕ್ ವರದಿಯಂಥ ಭಾರದ ಕೆಲಸವನ್ನು ರಾತ್ರಿ ಓಡಿಸಲಿ. ಅಷ್ಟಾದರೂ ಸಾಲದಿದ್ದರೆ ಪೂರ್ತಿ ಕೋರಿನ ಬಾಡಿಗೆ ಕೊಡುವುದೇ ಸರಿ.