ಯಂತ್ರದ ಜಪ, ಕುದುರೆಯ ಚಿತ್ರ

1909ರ ಫೆಬ್ರುವರಿ 20ರಂದು ಪ್ಯಾರಿಸ್ಸಿನ 'ಲ ಫಿಗಾರೊ' ಪತ್ರಿಕೆಯ ಮುಖಪುಟದಲ್ಲಿ ಇಟಲಿಯ ಕವಿ ಮರಿನೆಟ್ಟಿಯ ಪ್ರಣಾಳಿಕೆ ಬಂತು. ಹಳೇ ಗ್ರೀಕ್ ಶಿಲ್ಪಕ್ಕಿಂತ ರೇಸ್ ಕಾರೇ ಚಂದ, ಮ್ಯೂಸಿಯಂ ಲೈಬ್ರರಿ ಎಲ್ಲ ಕೆಡವಿ, ಲೋಕದ ಕೊಳೆ ತೊಳೆಯೋದು ಯುದ್ಧ ಒಂದೇ ಅನ್ನೋ ಧಾಟಿ. ನಮ್ಮ ಸ್ಟಾರ್ಟಪ್ಪುಗಳ ಪಿಚ್ ಡೆಕ್‌ಗೆ ಮುತ್ತಜ್ಜ ಅನ್ನಬಹುದು. ಫ್ಯೂಚರಿಸಂ ಶುರುವಾಗಿದ್ದು ಹೀಗೆ. ಮೊದಲು ಘೋಷಣೆ, ಆಮೇಲೆ ಚಿತ್ರ.

ಘೋಷಣೆ ಬದಿಗಿಟ್ಟು ಚಿತ್ರಗಳನ್ನೇ ನೋಡಿ. ಬೊಚ್ಚೋನಿ 1910ರಲ್ಲಿ ಬರೆದ 'ಏಳುತ್ತಿರುವ ನಗರ' ಈಗ ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿದೆ. ಮೂರು ಮೀಟರ್ ಅಗಲದ ಕ್ಯಾನ್ವಾಸು. ಹೆಸರು ಕೇಳಿದ್ರೆ ಯಂತ್ರಗಳದ್ದೇ ಕಾರುಬಾರು ಇರಬೇಕು ಅನ್ಸತ್ತೆ. ನಡುವೆ ನುಗ್ತಿರೋದು ಮಾತ್ರ ಒಂದು ದೈತ್ಯ ಕೆಂಪು ಕುದುರೆ, ಕೊರಳಲ್ಲಿ ನೀಲಿ ಪಟ್ಟಿ. ಅದನ್ನ ಜಗ್ಗೋ ಕೂಲಿಗಳ ಮೈ ಓರೆಯಾಗಿ ವಾಲಿದೆ. ಕಟ್ಟಡ, ಹೊಗೆ ಕೊಳವೆ ಎಲ್ಲ ದೂರ ಹಿಂದೆ. ಸಣ್ಣ ಸಣ್ಣ ಗೀರುಗಳಲ್ಲಿ ಬಣ್ಣ ಹಚ್ಚಿರೋದ್ರಿಂದ ಕುದುರೆ ಎಲ್ಲಿ ಮುಗೀತು, ಆಳು ಎಲ್ಲಿ ಶುರುವಾದ ಅಂತ ಬಿಡಿಸೋಕಾಗಲ್ಲ. ಬೆದರಿದ ಎತ್ತಿನ ಮೂಗುದಾರ ಹಿಡಿದು ಬೆಳೆದ ನನ್ನಂಥ ಹಳ್ಳಿಯವನಿಗೆ ಆ ಜಗ್ಗಾಟ ಕಣ್ಣಿಗಿಂತ ಮೊದಲು ಅಂಗೈಗೆ ಗೊತ್ತಾಗತ್ತೆ.

1912ರಲ್ಲಿ ಬಾಲ್ಲಾ ಬರೆದಿದ್ದು ಸರಪಳಿ ಕಟ್ಟಿದ ಪುಟ್ಟ ನಾಯಿ. ಟಕಟಕ ನಡೆಯೋ ರಭಸಕ್ಕೆ ಕಾಲುಗಳು ಲೆಕ್ಕಕ್ಕೆ ಸಿಗಲ್ಲ, ಬಾಲವೂ ಅಷ್ಟೆ. ನಗು ಬರತ್ತೆ, ಬರಲಿ. ಬೊಚ್ಚೋನಿಯ 1913ರ ಹೆಸರಾಂತ ಶಿಲ್ಪ, ಇಟಲಿಯ 20 ಸೆಂಟ್ ಯೂರೋ ನಾಣ್ಯದ ಮೇಲಿರೋದು, ಗಾಳಿ ಸೀಳಿ ನಡೆಯೋ ಮನುಷ್ಯ. ಕಾರುಗಳನ್ನೂ ಬರೆದಿದ್ದಾರೆ ಮಾರಾಯ್ರೆ. ಬಾಲ್ಲಾನ ಕಾರುಗಳು ಜೋರಾಗೇ ಓಡ್ತವೆ, ನನ್ನ ಮನಸ್ಸಲ್ಲಿ ನಿಲ್ಲಲ್ಲ. ಅವಕ್ಕೆ ದಣಿವಿಲ್ಲ. ವೇಗ ಕಾಣಬೇಕಂದ್ರೆ ಅದಕ್ಕೆ ಸಿಕ್ಕಿ ಹೆಣಗೋ ಒಂದು ಮೈ ಬೇಕು. ಇವರ ಕುಂಚಕ್ಕೆ ಅದು ಗೊತ್ತಿತ್ತು, ಪ್ರಣಾಳಿಕೆಗೆ ಗೊತ್ತಿರಲಿಲ್ಲ.

ಅದಕ್ಕೇ ನನಗೆ ಈ ಪಂಥವನ್ನ ಬರೀ ಪೋಸ್ಟರ್ ಥರ ಗೋಡೆಗೆ ಹಾಕ್ಕೊಂಡು ಮೆಚ್ಚೋಕಾಗಲ್ಲ. 1915ರಲ್ಲಿ ಮರಿನೆಟ್ಟಿ, ಬೊಚ್ಚೋನಿ, ವಾಸ್ತುಶಿಲ್ಪಿ ಸಾಂತ್ ಎಲಿಯ ಸೇರಿದಂತೆ ಹಲವರು ಸೈಕಲ್ ದಳಕ್ಕೆ ಸ್ವಯಂಸೇವಕರಾಗಿ ಸೇರಿ ಯುದ್ಧಕ್ಕೆ ಹೋದರು. ಮರಿನೆಟ್ಟಿ ಬದುಕಿ ಬಂದು ಮುಸೊಲಿನಿಯ ಕೈ ಹಿಡಿದ. ಸಾಂತ್ ಎಲಿಯ 1916ರಲ್ಲಿ ರಣರಂಗದಲ್ಲಿ ಸತ್ತ. ಅದೇ ವರ್ಷ ಆಗಸ್ಟಿನಲ್ಲಿ ವೆರೋನಾ ಹತ್ತಿರ ಸೇನಾ ತರಬೇತಿ ವೇಳೆ ಕುದುರೆಯಿಂದ ಬಿದ್ದು ಬೊಚ್ಚೋನಿ ಹೋದ. ವಯಸ್ಸು 33, ನಮ್ಮ ಆಫೀಸಿನ ಟೀಮ್ ಲೀಡ್‌ಗಳ ವಯಸ್ಸು. ಆ ನಡೆಯೋ ಮನುಷ್ಯ ಆಗಿನ್ನೂ ಪ್ಲಾಸ್ಟರಿನಲ್ಲೇ ಇದ್ದ. ಕಂಚಿನ ಎರಕ ಹೊಯ್ದಿದ್ದು ಆಮೇಲೆ.