ಸಂಶೋಧನೆಗೆ ಬೆಂಬಲ: ಕಟ್ಟಡಕ್ಕೋ, ಸಮುದಾಯಕ್ಕೋ?

1907ನೇ ಇಸವಿಯಲ್ಲಿ ನಡೆದ ಎರಡು ಘಟನೆಗಳನ್ನು ಮೊದಲು ನೆನೆಯೋಣ.

ಮದರಾಸು ಪ್ರಾಂತ್ಯದಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ವಿ. ರಾಮಸ್ವಾಮಿ ಅಯ್ಯರ್ ಅವರಿಗೆ ಗಣಿತದಲ್ಲಿ ಅಪಾರ ಆಸಕ್ತಿ. ವಿದೇಶಗಳಿಂದ ಬರುವ ಗಣಿತ ಪತ್ರಿಕೆಗಳನ್ನು ಒಬ್ಬರೇ ಕೊಳ್ಳುವುದು ಕಷ್ಟವಾಗಿತ್ತು. ಸಮಾನಾಸಕ್ತರೆಲ್ಲ ಚಂದಾ ಹಾಕಿ ಪತ್ರಿಕೆಗಳನ್ನು ತರಿಸಿ, ಅಂಚೆಯ ಮೂಲಕ ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಸಂಘವೊಂದನ್ನು ಅವರು ಕಟ್ಟಿದರು. ‘ಅನಲಿಟಿಕ್ ಕ್ಲಬ್’ ಎಂದು ಹುಟ್ಟಿದ ಈ ಸಂಘವೇ ಮುಂದೆ ‘ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ’ ಆಯಿತು. ಅದೇ ವರ್ಷ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತೆಗೆ ಬಂದ ಸಿ. ವಿ. ರಾಮನ್, ಬೌಬಜಾರ್ ರಸ್ತೆಯಲ್ಲಿದ್ದ ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್’ ಸಂಸ್ಥೆಯ ಬಾಗಿಲು ತಟ್ಟಿದರು. 1876ರಲ್ಲಿ ಡಾ. ಮಹೇಂದ್ರಲಾಲ್ ಸರ್ಕಾರ್ ಸ್ಥಾಪಿಸಿದ್ದ ಆ ಸಂಸ್ಥೆಯ ಪ್ರಯೋಗಾಲಯದಲ್ಲಿ, ಕಚೇರಿಯ ವೇಳೆಗೆ ಮೊದಲು ಮತ್ತು ಅನಂತರ ಕೆಲಸ ಮಾಡಲು ಅವರಿಗೆ ಅವಕಾಶ ದೊರೆಯಿತು. 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮ ಬೆಳಕಿಗೆ ಬಂದದ್ದು ಅಲ್ಲಿಂದಲೇ.

ರಾಮಸ್ವಾಮಿ ಅಯ್ಯರ್ ಅವರ ಸಂಘವೂ ಫಲ ಕೊಡಲು ತಡಮಾಡಲಿಲ್ಲ. ಕಾಲೇಜು ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದ ತರುಣನೊಬ್ಬ ನೋಟ್‌ಬುಕ್ ಹಿಡಿದು ಅವರನ್ನು ಕಾಣಲು ಬಂದ. ಆತನೇ ಶ್ರೀನಿವಾಸ ರಾಮಾನುಜನ್. ಬರ್ನೂಲಿ ಸಂಖ್ಯೆಗಳನ್ನು ಕುರಿತ ಅವರ ಮೊದಲ ಪ್ರಬಂಧ 1911ರಲ್ಲಿ ಈ ಸಂಘದ ಪತ್ರಿಕೆಯಲ್ಲೇ ಪ್ರಕಟವಾಯಿತು. ಅವರಿಗೆ ತಿಂಗಳಿಗೆ 25 ರೂಪಾಯಿ ನೆರವು ನೀಡಿದ ನೆಲ್ಲೂರಿನ ಕಲೆಕ್ಟರ್ ಆರ್. ರಾಮಚಂದ್ರ ರಾವ್ ಈ ಗಣಿತಾಸಕ್ತರ ಬಳಗದವರೇ. 1912ರಲ್ಲಿ ರಾಮಾನುಜನ್ 30 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದ ಮದರಾಸು ಪೋರ್ಟ್ ಟ್ರಸ್ಟ್‌ನಲ್ಲಿ ಅವರ ಮೇಲಧಿಕಾರಿಯಾಗಿದ್ದ ನಾರಾಯಣ ಅಯ್ಯರ್ ಕೂಡ ಅದೇ ಬಳಗದವರು.

ಗುಮಾಸ್ತರೊಬ್ಬರು, ಲೆಕ್ಕಪತ್ರದ ಅಧಿಕಾರಿಯೊಬ್ಬರು. ಇಬ್ಬರಲ್ಲಿ ಯಾರೂ ಆಗ ಸಂಶೋಧನಾ ಹುದ್ದೆಯಲ್ಲಿರಲಿಲ್ಲ. ಆದರೂ ಇಬ್ಬರಿಗೂ ಒಂದು ಬಾಗಿಲು ತೆರೆದಿತ್ತು. ರಾಷ್ಟ್ರಮಟ್ಟದಲ್ಲಿ ಗಣಿತ, ಖಗೋಳವಿಜ್ಞಾನ ಮತ್ತು ಭೌತವಿಜ್ಞಾನಗಳಿಗೆ ನಾವು ಇಂದು ನೀಡುತ್ತಿರುವ ಬೆಂಬಲವನ್ನು ಇದೇ ಅಳತೆಗೋಲಿನಿಂದ ನೋಡಬೇಕೆಂಬುದು ಈ ಲೇಖನದ ಉದ್ದೇಶ. ಕೇಳಬೇಕಾದ ಪ್ರಶ್ನೆಗಳು ಎರಡು. ಹೊರಗಿನವರು ಒಳಗೆ ಬರಬಹುದೇ? ಒಳಗೆ ಬಂದವರು ಊರಿಗೆ ಹಿಂದಿರುಗಿದ ಮೇಲೆ ಕೆಲಸವನ್ನು ಮುಂದುವರಿಸಬಹುದೇ?

ಸಂಸ್ಥೆಗಳ ಯುಗ

ಸ್ವಾತಂತ್ರ್ಯದ ಆಸುಪಾಸಿನಲ್ಲಿ ನಮ್ಮ ದೇಶ ಹಿಡಿದ ದಾರಿ ಪ್ರತ್ಯೇಕ ಸಂಶೋಧನಾ ಸಂಸ್ಥೆಗಳದು. ಹೋಮಿ ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಕೆಲಸ ಆರಂಭಿಸಿ, ಅದೇ ವರ್ಷ ಮುಂಬಯಿಗೆ ಸ್ಥಳಾಂತರಗೊಂಡಿತು. ಬೆಂಗಳೂರಿನಲ್ಲಿ 1948ರಲ್ಲಿ ರಾಮನ್ ಸಂಶೋಧನಾ ಸಂಸ್ಥೆ ಹುಟ್ಟಿತು. ಮದರಾಸಿನ ಗಣಿತವಿಜ್ಞಾನ ಸಂಸ್ಥೆ 1962ರದು. 1971ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಪರಂಪರೆಯಿಂದ ವೇಣು ಬಾಪು ಅವರ ನೇತೃತ್ವದಲ್ಲಿ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಸ್ವಾಯತ್ತವಾಗಿ ರೂಪುಗೊಂಡಿತು.

ಈ ದಾರಿಯಿಂದ ದೊರೆತ ಲಾಭವನ್ನು ಅಲ್ಲಗಳೆಯುವಂತಿಲ್ಲ. ಮುಂಬಯಿಯ ಗಣಿತ ವಿಭಾಗಕ್ಕೆ 1953ರಲ್ಲಿ ಸಂಶೋಧನಾ ವಿದ್ಯಾರ್ಥಿಗಳಾಗಿ ಸೇರಿದ ಎಂ. ಎಸ್. ನರಸಿಂಹನ್ ಮತ್ತು ಸಿ. ಎಸ್. ಶೇಷಾದ್ರಿ 1965ರಲ್ಲಿ ಸಾಧಿಸಿದ ಪ್ರಮೇಯ ಇಂದಿಗೂ ಜಗತ್ತಿನ ಗಣಿತಜ್ಞರಿಗೆ ಬೇಕಾಗಿದೆ. ಗೋವಿಂದ ಸ್ವರೂಪ್ ಅವರ ತಂಡ ಪುಣೆಯ ಬಳಿ 45 ಮೀಟರ್ ವ್ಯಾಸದ 30 ಆಂಟೆನಾಗಳನ್ನು ನಿಲ್ಲಿಸಿ ದೈತ್ಯ ರೇಡಿಯೊ ದೂರದರ್ಶಕವನ್ನು ಕಟ್ಟಿತು. ಪ್ರತಿಭಾವಂತರನ್ನು ಒಂದೆಡೆ ಸೇರಿಸಿ, ದೈನಂದಿನ ಜಂಜಾಟದಿಂದ ಬಿಡುಗಡೆ ಮಾಡದಿದ್ದರೆ ಇವು ಆಗುತ್ತಿರಲಿಲ್ಲ.

ಆದರೆ ಇದಕ್ಕೆ ತೆತ್ತ ಬೆಲೆಯೂ ಇದೆ. ಪರಮಾಣು ಸಂಶೋಧನೆ ವಿಶ್ವವಿದ್ಯಾಲಯಗಳಲ್ಲೇ ಬೆಳೆಯಬೇಕೆಂದು ಮೇಘನಾದ ಸಹಾ ಅಂದೇ ವಾದಿಸಿದ್ದರು. ಅವರ ಮಾತು ನಡೆಯಲಿಲ್ಲ. ಸಂಶೋಧನೆ ಒಂದೆಡೆ, ಪದವಿ ಬೋಧನೆ ಇನ್ನೊಂದೆಡೆ ಆಯಿತು. ಸಂಶೋಧಕರಿಗೆ ಹದಿನೆಂಟು ವರ್ಷದ ವಿದ್ಯಾರ್ಥಿಯ ಮುಖ ಕಾಣದಾಯಿತು. ಆ ವಿದ್ಯಾರ್ಥಿಗೆ ಪಾಠ ಹೇಳುವವರು ಸಂಶೋಧನೆಯನ್ನು ಪತ್ರಿಕೆಗಳಲ್ಲಿ ಓದಿ ತಿಳಿಯುವವರಾದರು. ಭೌತವಿಜ್ಞಾನವನ್ನು ಆರಿಸಿಕೊಳ್ಳಬೇಕೋ ಬೇಡವೋ ಎಂದು ವಿದ್ಯಾರ್ಥಿ ನಿರ್ಧರಿಸುವುದು ಪದವಿ ತರಗತಿಯಲ್ಲಿ. ಅಲ್ಲಿ ಅವನ ಎದುರು ಸಂಶೋಧಕರೇ ಇಲ್ಲದಿದ್ದರೆ ಆ ನಿರ್ಧಾರ ಯಾವ ಕಡೆ ವಾಲುತ್ತದೆಂಬುದನ್ನು ಅಧ್ಯಾಪಕರಾದ ನೀವೇ ಬಲ್ಲಿರಿ.

ಬಾಗಿಲು ತೆರೆದ ಪ್ರಯತ್ನಗಳು

ಈ ಕೊರತೆಯನ್ನು ತುಂಬಲು 1980ರ ದಶಕದಿಂದ ಕೆಲವು ಒಳ್ಳೆಯ ಪ್ರಯತ್ನಗಳು ನಡೆದವು. ಇವು ಮೂರು ವಿಷಯಗಳಲ್ಲಿ ಮೂರು ರೀತಿಯಲ್ಲಿ ನಡೆದದ್ದು ಸ್ವಾರಸ್ಯಕರ.

ಗಣಿತಕ್ಕೆ ದೊಡ್ಡ ಯಂತ್ರಗಳು ಬೇಡ. ಬೇಕಾದದ್ದು ಪುಸ್ತಕ, ಪ್ರಯಾಣ, ಸಹವಾಸ ಮತ್ತು ಸಮಯ. ಪರಮಾಣು ಶಕ್ತಿ ಇಲಾಖೆ 1983ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಇದನ್ನು ಸರಿಯಾಗಿ ಗ್ರಹಿಸಿತು. ಅದು ಗ್ರಂಥಾಲಯಗಳಿಗೆ ಅನುದಾನ, ವಿದ್ಯಾರ್ಥಿಗಳಿಗೆ ವೇತನ, ಸಮ್ಮೇಳನಗಳಿಗೆ ನೆರವು ನೀಡಿತು. ಪ್ರೊ. ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಗಣಿತ ತರಬೇತಿ ಮತ್ತು ಪ್ರತಿಭಾ ಶೋಧ ಶಿಬಿರ ಬೆಳೆದದ್ದು ಈ ಮಂಡಳಿಯ ಬೆಂಬಲದಿಂದ. ಬೇಸಿಗೆ ರಜೆಯಲ್ಲಿ ನಾಲ್ಕು ವಾರ ನಡೆಯುವ ಈ ಶಿಬಿರದಲ್ಲಿ ಬಾಯಿಪಾಠಕ್ಕೆ ಎಡೆಯಿಲ್ಲ. ‘ಏಕೆ?’ ಎಂಬ ಪ್ರಶ್ನೆಗೆ ವಿದ್ಯಾರ್ಥಿಯೇ ಕರಿಹಲಗೆಯ ಮುಂದೆ ನಿಂತು ಉತ್ತರಿಸಬೇಕು. 2004ರಿಂದ ಸಂಶೋಧನಾ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಉನ್ನತ ತರಬೇತಿ ಶಾಲೆಗಳು ನಡೆಯತೊಡಗಿದವು.

ಖಗೋಳವಿಜ್ಞಾನದಲ್ಲಿ ದೂರದರ್ಶಕವಿಲ್ಲದೆ ಕೆಲಸವಾಗದು. ಪ್ರತಿ ಕಾಲೇಜಿಗೂ ದೊಡ್ಡ ದೂರದರ್ಶಕ ಕೊಡಲಾಗದು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಇದಕ್ಕೊಂದು ಪರಿಹಾರ ಹುಡುಕಿತು. ಪ್ರೊ. ಯಶ್‌ಪಾಲ್ ಆಯೋಗದ ಅಧ್ಯಕ್ಷರಾಗಿದ್ದಾಗ, 1988ರಲ್ಲಿ ಪುಣೆಯಲ್ಲಿ ಅಂತರವಿಶ್ವವಿದ್ಯಾಲಯ ಖಗೋಳವಿಜ್ಞಾನ ಮತ್ತು ಖಭೌತವಿಜ್ಞಾನ ಕೇಂದ್ರ (ಐಯುಕಾ) ಸ್ಥಾಪನೆಯಾಯಿತು. ಅದರ ಸ್ಥಾಪಕ ನಿರ್ದೇಶಕರು 2025ರ ಮೇ ತಿಂಗಳಲ್ಲಿ ನಮ್ಮನ್ನಗಲಿದ ಡಾ. ಜಯಂತ ನಾರ್ಳೀಕರ್. ಈ ಕೇಂದ್ರ ತನ್ನ ವಿಜ್ಞಾನಿಗಳಿಗೆಂದಷ್ಟೇ ಕಟ್ಟಿದ್ದಲ್ಲ. ವಿಶ್ವವಿದ್ಯಾಲಯ ಹಾಗೂ ಕಾಲೇಜುಗಳ ಅಧ್ಯಾಪಕರನ್ನು ಮೂರು ವರ್ಷಗಳ ಅವಧಿಗೆ ಅಸೋಸಿಯೇಟ್‌ಗಳನ್ನಾಗಿ ಆರಿಸಿ, ಅವರು ಬಂದು ಹೋಗುವ ಹಾಗೂ ಉಳಿದುಕೊಳ್ಳುವ ವೆಚ್ಚವನ್ನು ಭರಿಸಿ, ಗ್ರಂಥಾಲಯ ಮತ್ತು ಗಣಕ ಸೌಲಭ್ಯಗಳನ್ನು ಒದಗಿಸುವುದು ಅದರ ಮುಖ್ಯ ಕಾರ್ಯಗಳಲ್ಲೊಂದು. ದೆಹಲಿಯಲ್ಲಿ 1984ರಲ್ಲಿ ಆರಂಭವಾದ ವೇಗೋತ್ಕರ್ಷಕ ಕೇಂದ್ರ ಭೌತವಿಜ್ಞಾನದಲ್ಲಿ ಈ ಮಾದರಿಗೆ ದಾರಿ ತೋರಿತ್ತು.

ನಮ್ಮ ಹತ್ತಿರದ ಉದಾಹರಣೆಯನ್ನೂ ನೋಡಿ. ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರಿನ ಬಳಿಯ ಹೊಸಕೋಟೆಯಿಂದ. ವೀಕ್ಷಣೆಗೆ ಸಮಯ ದೊರೆಯುವುದು ಸಲ್ಲಿಸಿದ ಪ್ರಸ್ತಾವದ ಗುಣಮಟ್ಟವನ್ನು ನೋಡಿ.

ಭೌತವಿಜ್ಞಾನದ ಅಧ್ಯಾಪಕರು 1984ರಲ್ಲಿ ತಮ್ಮದೇ ಸಂಘವನ್ನು ಕಟ್ಟಿಕೊಂಡರು. ವಿಜ್ಞಾನ ಅಕಾಡೆಮಿಗಳು ಬೇಸಿಗೆ ಸಂಶೋಧನಾ ಫೆಲೋಶಿಪ್‌ಗಳನ್ನು ವಿದ್ಯಾರ್ಥಿಗಳಿಗಲ್ಲದೆ ಅಧ್ಯಾಪಕರಿಗೂ ನೀಡಿದವು. ಅಕಾಡೆಮಿಗಳ ಆಶ್ರಯದಲ್ಲಿ ಮೈಸೂರಿನ ಪ್ರೊ. ಆರ್. ಶ್ರೀನಿವಾಸನ್ ನಡೆಸಿದ ಪ್ರಾಯೋಗಿಕ ಭೌತವಿಜ್ಞಾನದ ಪುನಶ್ಚೇತನ ಶಿಬಿರಗಳನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಕಡಿಮೆ ವೆಚ್ಚದ ಉಪಕರಣಗಳ ಕಿಟ್ ರೂಪಿಸಿ, ಅಧ್ಯಾಪಕರ ಕೈಯಿಂದಲೇ ಪ್ರಯೋಗಗಳನ್ನು ಮಾಡಿಸಿದರು. ಕಲಿತದ್ದನ್ನು ತಮ್ಮ ಕಾಲೇಜಿನಲ್ಲಿ ಮತ್ತೆ ಮಾಡಲು ಸಾಧ್ಯವಿದ್ದದ್ದು ಈ ಶಿಬಿರಗಳ ಹೆಚ್ಚುಗಾರಿಕೆ.

ಮೊದಲ ಪ್ರಶ್ನೆಗೆ, ಅಂದರೆ ಹೊರಗಿನವರು ಒಳಗೆ ಬರಬಹುದೇ ಎಂಬುದಕ್ಕೆ, ಈ ಉದಾಹರಣೆಗಳು ಬಹುಮಟ್ಟಿಗೆ ‘ಹೌದು’ ಎನ್ನುತ್ತವೆ.

ಹಿಂದಿರುಗುವ ದಾರಿ

ತೊಡಕಿರುವುದು ಎರಡನೆಯ ಪ್ರಶ್ನೆಯಲ್ಲಿ. ತಾಲ್ಲೂಕು ಕೇಂದ್ರದ ಕಾಲೇಜೊಂದರ ಅಧ್ಯಾಪಕಿಯೊಬ್ಬರು ಪುಣೆಯಲ್ಲಿ ಒಂದು ತಿಂಗಳು ಕಳೆದು, ಒಂದು ಒಳ್ಳೆಯ ಸಮಸ್ಯೆಯನ್ನು ಹಿಡಿದುಕೊಂಡು ಊರಿಗೆ ಮರಳಿದರೆಂದುಕೊಳ್ಳಿ. ಮುಂದೇನು?

ಮೊದಲು ಸಮಯವನ್ನು ನೋಡೋಣ. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ನೇರ ಬೋಧನೆಯನ್ನು ಯುಜಿಸಿಯ 2018ರ ನಿಯಮಾವಳಿ ನಿಗದಿಪಡಿಸಿತು. ಅದರ ಮೇಲೆ ಆಂತರಿಕ ಪರೀಕ್ಷೆ, ಮೌಲ್ಯಮಾಪನ, ನ್ಯಾಕ್ ಕಡತಗಳು, ಚುನಾವಣಾ ಕೆಲಸ. ಬಾಕಿ ಉಳಿಯುವುದು ರಾತ್ರಿ. ಐಯುಕಾ ಆಕೆಗೆ ಕೊಠಡಿ ಕೊಡಬಲ್ಲದು, ರೈಲಿನ ಟಿಕೆಟ್ ಕೊಡಬಲ್ಲದು. ಆದರೆ ಆಕೆಯ ಪ್ರಾಂಶುಪಾಲರಿಂದ ರಜೆ ಕೊಡಿಸಲಾರದು.

ಇನ್ನು ಓದಿಗೆ ಬೇಕಾದ ಪತ್ರಿಕೆಗಳು. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು, 6,300ರಷ್ಟು ಸರ್ಕಾರಿ ಸಂಸ್ಥೆಗಳು. ರಾಮಸ್ವಾಮಿ ಅಯ್ಯರ್ ಅವರು ಅಂಚೆಯಲ್ಲಿ ಮಾಡಿದ್ದನ್ನು ಇಡೀ ದೇಶಕ್ಕೆ ವಿಸ್ತರಿಸಿದ ಯೋಜನೆ ಇದು, ಸ್ವಾಗತಾರ್ಹ. ಆದರೆ ಮೊದಲ ಹಂತ ತಲುಪಿದ್ದು ಸರ್ಕಾರಿ ಸಂಸ್ಥೆಗಳನ್ನು. ನಮ್ಮ ಪದವಿ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಮಂದಿ ಓದುವ ಖಾಸಗಿ ಕಾಲೇಜುಗಳು ಆ ಹಂತದಿಂದ ಹೊರಗುಳಿದವು.

ಮೂರನೆಯದಾಗಿ ಹಣ. 2,600 ಕೋಟಿ ರೂಪಾಯಿಗಳ ಲೈಗೊ-ಇಂಡಿಯಾ ಯೋಜನೆಗೆ 2023ರಲ್ಲಿ ಒಪ್ಪಿಗೆ ದೊರೆಯಿತು. ಸ್ಕ್ವೇರ್ ಕಿಲೋಮೀಟರ್ ಅರೇ ಎಂಬ ಅಂತರರಾಷ್ಟ್ರೀಯ ರೇಡಿಯೊ ದೂರದರ್ಶಕದಲ್ಲಿ ಭಾರತ ಪಾಲ್ಗೊಳ್ಳಲು 2024ರಲ್ಲಿ 1,250 ಕೋಟಿ ರೂಪಾಯಿ ಮಂಜೂರಾಯಿತು. ಇವು ಬೇಕಾದ ಯೋಜನೆಗಳೇ. ಇವುಗಳ ಪಕ್ಕದಲ್ಲಿ ಗಣಿತಜ್ಞರಿಗಾಗಿ ರೂಪಿಸಿದ ‘ಮ್ಯಾಟ್ರಿಕ್ಸ್’ ಅನುದಾನವನ್ನಿಟ್ಟು ನೋಡಿ: ವರ್ಷಕ್ಕೆ 2 ಲಕ್ಷ ರೂಪಾಯಿಯಂತೆ ಮೂರು ವರ್ಷ. ಗಣಿತಕ್ಕೆ ಇಷ್ಟು ಸಾಕು ಎಂಬ ತಿಳಿವಳಿಕೆ ತಪ್ಪಲ್ಲ; ಸಣ್ಣ ಮೊತ್ತವನ್ನು ಹಲವರಿಗೆ ಹಂಚುವ ವಿವೇಕ ಅದರಲ್ಲಿದೆ. ಆದರೆ ಅದಕ್ಕೆ ಅರ್ಜಿ ಹಾಕಲು ಖಾಯಂ ಹುದ್ದೆ ಇರಬೇಕೆಂಬ ಷರತ್ತನ್ನು ಗಮನಿಸಿ. ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರು ಅದರಿಂದ ಹೊರಗೆ. ಹಾಗೆ ನೋಡಿದರೆ ಪೋರ್ಟ್ ಟ್ರಸ್ಟಿನ ಗುಮಾಸ್ತರಾಗಿದ್ದ ರಾಮಾನುಜನ್ ಅವರೂ ಅದಕ್ಕೆ ಅರ್ಹರಾಗುತ್ತಿರಲಿಲ್ಲ!

ಸೂಕ್ಷ್ಮವಾಗಿ ಗಮನಿಸಿದರೆ ಲೋಪವಿರುವುದು ರಾಷ್ಟ್ರೀಯ ಕೇಂದ್ರಗಳಲ್ಲಲ್ಲ ಎಂಬುದು ಸ್ಪಷ್ಟವಾಗುತ್ತದೆ. ಕೇಂದ್ರದಿಂದ ಕಾಲೇಜಿಗೆ ಹಿಂದಿರುಗುವ ದಾರಿಯನ್ನು ಯಾರೂ ಕಟ್ಟಿಲ್ಲ. ಬೆಂಬಲದ ನೀತಿಯನ್ನು ರೂಪಿಸುವುದು ದೆಹಲಿಯಲ್ಲಿ. ಅಧ್ಯಾಪಕರ ರಜೆ, ಕಾರ್ಯಭಾರ, ನೇಮಕಾತಿಗಳು ರಾಜ್ಯ ಸರ್ಕಾರ ಅಥವಾ ಆಡಳಿತ ಮಂಡಳಿಯ ಕೈಯಲ್ಲಿ. ಈ ಎರಡರ ನಡುವೆ ಮಾತುಕತೆಯೇ ಇಲ್ಲ.

ಏನಾಗಬೇಕು?

ಸಂಸತ್ತು 2023ರಲ್ಲಿ ಅಂಗೀಕರಿಸಿದ ಕಾಯ್ದೆಯ ಅನ್ವಯ ‘ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ’ ರಚನೆಯಾಗಿದೆ. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿಗಳ ಗುರಿಯನ್ನು ಆಗ ಪ್ರಕಟಿಸಲಾಯಿತು. ಅದರಲ್ಲಿ ಬಹುಪಾಲು ಖಾಸಗಿ ಮೂಲಗಳಿಂದ ಬರಬೇಕೆಂಬುದು ನಿರೀಕ್ಷೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಲಾಭದ ಲೆಕ್ಕ ಹಾಕುವ ಉದ್ಯಮ ಸಂಖ್ಯಾಸಿದ್ಧಾಂತಕ್ಕೋ ನಕ್ಷತ್ರಗಳ ರೋಹಿತಕ್ಕೋ ತಾನಾಗಿ ಹಣ ಕೊಡುವುದಿಲ್ಲ. ಈ ಮೂರು ವಿಷಯಗಳ ಮೂಲಭೂತ ಸಂಶೋಧನೆಯ ಹೊಣೆಯನ್ನು ಸರ್ಕಾರವೇ ಹೊರಬೇಕು.

ಹಣಕ್ಕಿಂತ ಮುಖ್ಯವಾದ, ಆದರೆ ಕಡಿಮೆ ವೆಚ್ಚದ ಮೂರು ಕೆಲಸಗಳಿವೆ. ಒಂದು, ರಾಷ್ಟ್ರೀಯ ಕೇಂದ್ರದ ಆಹ್ವಾನದ ಮೇಲೆ ಹೋಗುವ ಅಧ್ಯಾಪಕರ ಅವಧಿಯನ್ನು ರಜೆಯೆಂದು ಎಣಿಸದೆ ಕರ್ತವ್ಯವೆಂದೇ ಪರಿಗಣಿಸಬೇಕು. ಆ ಅವಧಿಯ ಬದಲಿ ಬೋಧಕರ ವೆಚ್ಚವನ್ನು ಅನುದಾನದಲ್ಲೇ ಸೇರಿಸಬೇಕು. ಎರಡು, ಅತಿಥಿ ಉಪನ್ಯಾಸಕರಿಗೂ ಅರ್ಜಿ ಹಾಕುವ ಅವಕಾಶವಿರಬೇಕು. ನೋಡಬೇಕಾದ್ದು ಸಮಸ್ಯೆಯನ್ನು, ನೇಮಕಾತಿ ಆದೇಶವನ್ನಲ್ಲ. ಮೂರು, ಪ್ರತಿ ಜಿಲ್ಲೆಯಲ್ಲೂ ತಿಂಗಳಿಗೊಮ್ಮೆ ಅಧ್ಯಾಪಕರು ಸೇರಿ ಒಂದು ಪ್ರಬಂಧವನ್ನು ಓದಿ ಚರ್ಚಿಸುವ ವ್ಯವಸ್ಥೆ ಇರಬೇಕು. ಇದಕ್ಕೆ ಒಂದು ಕೊಠಡಿ, ಒಂದು ಕರಿಹಲಗೆ ಸಾಕು.

ಈ ಮೂರನೆಯ ಕೆಲಸಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ. ರಾಮಸ್ವಾಮಿ ಅಯ್ಯರ್ ಸರ್ಕಾರದ ಆದೇಶಕ್ಕೆ ಕಾಯಲಿಲ್ಲ. ಸ್ನೇಹಿತರಿಗೆ ಪತ್ರ ಬರೆದರು. ಅಧ್ಯಾಪಕರೇ, ನಿಮ್ಮ ಜಿಲ್ಲೆಯಲ್ಲಿ ಗಣಿತ ಅಥವಾ ಭೌತವಿಜ್ಞಾನ ಕಲಿಸುವ ಐದು ಮಂದಿಗೆ ಈ ತಿಂಗಳು ನೀವೂ ಬರೆಯಿರಿ. ವಿದ್ಯಾರ್ಥಿಗಳೇ, ಅಕಾಡೆಮಿಗಳ ಫೆಲೋಶಿಪ್, ಗಣಿತ ಶಿಬಿರಗಳ ಪ್ರಕಟಣೆ ಬಂದಾಗ ‘ನಮ್ಮಂಥ ಕಾಲೇಜಿನವರಿಗೆ ಎಲ್ಲಿ ಸಿಗುತ್ತದೆ’ ಎಂದು ಸುಮ್ಮನಾಗಬೇಡಿ. ಬಾಗಿಲು ತೆರೆದಿದೆಯೇ ಎಂಬುದು ತಟ್ಟಿದವರಿಗಷ್ಟೇ ತಿಳಿಯುತ್ತದೆ. ತೆರೆಯದಿದ್ದರೆ, ಏಕೆ ತೆರೆಯಲಿಲ್ಲವೆಂದು ಕೇಳುವ ಹಕ್ಕೂ ಆಗ ನಿಮ್ಮದಾಗುತ್ತದೆ.